ಹಿಡಿದು ಕಟ್ಟಿದ ಮೇಲೆ ಹೊಡೆಯಬೇಡಿ

ತೀರ್ಥಹಳ್ಳಿ ಕಡೆಯ ಬೆಳೆಗಾರರು ಕೊಯ್ಲಿನ ಕಾಲಕ್ಕೆ ನನ್ನ ವಕೀಲಿ ಕಚೇರಿಗೆ ಬಂದು ಕೇಳುವುದು ಒಂದೇ: "ಅಂಗಳದ ಅಡಿಕೆ ಕದಿಯಲು ಬಂದವನಿಗೆ ಹೊಡೆಯಬಹುದಾ ಸ್ವಾಮಿ?" ನನ್ನ ಉತ್ತರ: ತಡೆಯಲು ಬೇಕಾದಷ್ಟೇ ಬಲ ಬಳಸಬಹುದು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಜೀವ, ಆಸ್ತಿ ಕಾಪಾಡಿಕೊಳ್ಳುವ ಈ ಹಕ್ಕನ್ನು ವಿವರಿಸುತ್ತವೆ. ಕತ್ತಿ ಎತ್ತಿ ಮೈಮೇಲೆ ಬಂದವನಿಂದ ಜೀವ ಉಳಿಸಿಕೊಳ್ಳಲು ಕೊಟ್ಟ ಏಟಿಗೆ ಅವನು ಸತ್ತರೂ ಅದು ಅಪರಾಧವಲ್ಲ. ಪ್ರಾಣಭಯದಲ್ಲಿ ಇರುವವನು ಪ್ರತಿ ಏಟನ್ನೂ ಲೆಕ್ಕ ಹಾಕಿ ಹೊಡೆಯಲಾರ ಎಂದು 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಒಪ್ಪಿದೆ. ಎಷ್ಟು ಮಾನವೀಯ ಮಾತು!

ಆದರೆ ಸಿಕ್ಕಿಬಿದ್ದವನನ್ನು ಕಂಬಕ್ಕೆ ಕಟ್ಟಿ ಬಡಿಯುತ್ತೇವಲ್ಲ, ಅದನ್ನು ನಾನು ಒಪ್ಪಲಾರೆ. ಅಪಾಯ ಮುಗಿದಾಗಲೇ ಹಕ್ಕೂ ಮುಗಿಯಿತು. ಅವನು ಸತ್ತರೆ ನೀವೇ ಕೊಲೆ ಆರೋಪಿ. ದಯವಿಟ್ಟು, ಹಿಡಿದ ಕೂಡಲೇ 112ಕ್ಕೆ ಫೋನ್ ಮಾಡಿ.