ಅಂಗಳ ಗುಡಿಸುವ ಕಾಯಕ



ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡಿದ್ದಳು. ಆಕೆಯ ಕೈಯ ಪೊರಕೆಯನ್ನು ಶರಣರು ಕೀಳೆಂದು ಬಗೆಯಲಿಲ್ಲ. ಇಂದು ಆ ಕೆಲಸ ಉದ್ಯಮವಾಗಿದೆ. ಕಚೇರಿ, ಅಂಗಡಿಗಳ ಸ್ವಚ್ಛತೆಯನ್ನು ವಹಿಸಿಕೊಂಡವರು ಕೆಲಸದವರನ್ನು ನೇಮಿಸಿಕೊಂಡು ಮನೆಗಳಿಗೂ ಕಾಲಿಡುತ್ತಿದ್ದಾರೆ.

ಕಡಬ ತಾಲೂಕಿನ ಪೆರಾಬೆಯಂತಹ ಮಳೆಯೂರಿನಲ್ಲಿ ಇದಕ್ಕೆ ಅವಕಾಶವುಂಟು. ಮಳೆಗಾಲ ಕಳೆದೊಡನೆ ಅಂಗಳದ ಪಾಚಿ ಉಜ್ಜಬೇಕು. ಮದುವೆ, ಗೃಹಪ್ರವೇಶಕ್ಕೆ ಮುನ್ನ ಮನೆ ತೊಳೆಯಬೇಕು. ಇಂತಹ ಒಂದು ದಿನದ ಕೆಲಸಕ್ಕೆ ಮನೆಯನ್ನು ಕಣ್ಣಾರೆ ಕಂಡ ಮೇಲೆಯೇ ದರ ಹೇಳುವುದು ಲೇಸು. ತೋಟಗಳ ನಡುವಿನ ದೂರದ ಮನೆಗಳಿಗೆ ಹೋಗಿಬರುವ ಹೊತ್ತನ್ನೂ ಕೂಲಿಯ ಲೆಕ್ಕಕ್ಕೆ ಸೇರಿಸಬೇಕು.

ತಾನೇ ಪೊರಕೆ ಹಿಡಿದವನಿಗೆ ತನ್ನ ಬೆವರಿನ ಲೆಕ್ಕ ಸಾಕು. ಪರರ ಕೈಗೆ ಪೊರಕೆ ಕೊಟ್ಟವನಿಗೆ ಅವರ ಬೆವರಿನ ಲೆಕ್ಕವೂ ಬೇಕು. ಮನೆಯವರು ಹಣ ಕೊಡಲು ತಡಮಾಡಿದರೂ ಕೂಲಿ ತಡವಾಗಬಾರದು. ಕರ್ನಾಟಕವು 2004ರಲ್ಲಿಯೇ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದೇ ಎಣಿಸಿದೆ. ಆದುದರಿಂದ ಹೆಣ್ಣುಮಕ್ಕಳನ್ನು ಅಪರಿಚಿತ ಮನೆಗೆ ಒಂಟಿಯಾಗಿ ಕಳುಹಿಸದಿರುವುದು ವಿವೇಕ. ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆತರೆ ವಿಷದ ಗಾಳಿ ಏಳುತ್ತದೆ. ಅದನ್ನು ಮೊದಲೇ ತಿಳಿಸಿ ಕೈಗವಸು ಒದಗಿಸುವುದು ಕೆಲಸ ಮಾಡಿಸುವವನ ಹೊಣೆ.

ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸ ಹೇಳಿದಳು. ಕೆಲಸದವರ ಕೂಲಿಯಲ್ಲಿ ಕಡಿದು ಉಳಿಸಿದ ಹಣವೂ ಅಂತಹ ಅಕ್ಕಿಯೇ. ಅದರಿಂದ ದಾಸೋಹ ನಡೆಯದು.