ವೈದ್ಯರಿಗೆ ಆಡಳಿತದ ಪಾಠ: ತರಗತಿಯಲ್ಲೋ, ವಾರ್ಡಿನಲ್ಲೋ?

ನುರಿತ ಶಸ್ತ್ರವೈದ್ಯರು ದಕ್ಷ ಆಡಳಿತಗಾರರೂ ಆಗಬಲ್ಲರೆಂಬ ನಂಬಿಕೆ ನಮ್ಮ ಆಸ್ಪತ್ರೆಗಳಲ್ಲಿ ಬೇರೂರಿದೆ. ಆದರೆ ಹಾಸಿಗೆ ಹಂಚಿಕೆ, ಔಷಧ ದಾಸ್ತಾನು, ಸಿಬ್ಬಂದಿ ಪಾಳಿ ಮುಂತಾದವು ವೈದ್ಯಕೀಯ ಪದವಿಯಿಂದ ಕರಗತವಾಗುವ ವಿದ್ಯೆಗಳಲ್ಲ. ಎಲ್ಲ ರಾಜ್ಯಗಳಲ್ಲೂ ಸಾರ್ವಜನಿಕ ಆರೋಗ್ಯ ನಿರ್ವಹಣಾ ವೃಂದ ರಚನೆಯಾಗಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಪ್ರತಿಪಾದಿಸಿತು. ಇಂಥ ವೃಂದಕ್ಕೆ ಬರುವವರಿಗೆ ನಿರ್ವಹಣೆಯನ್ನು ಕಲಿಸುವ ಬಗೆ ಯಾವುದು ಎಂಬುದು ಈಗಿನ ಪ್ರಶ್ನೆ.

ಈ ದಿಸೆಯಲ್ಲಿ ಬ್ರಿಟನ್ನಿನ ಅನುಭವ ಗಮನಾರ್ಹ. ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿಯಾಗಿದ್ದ ರೆಗ್ ರೆವನ್ಸ್ (1907–2003) ‘ಆ್ಯಕ್ಷನ್ ಲರ್ನಿಂಗ್’, ಅಂದರೆ ಕ್ರಿಯಾಧಾರಿತ ಕಲಿಕೆಯ ಜನಕ. ಕಲ್ಲಿದ್ದಲು ಗಣಿಗಳಲ್ಲಿ ರೂಪುಗೊಂಡ ಈ ವಿಧಾನವನ್ನು ಅವರು 1960ರ ದಶಕದಲ್ಲಿ ಲಂಡನ್ನಿನ 10 ಆಸ್ಪತ್ರೆಗಳಿಗೆ ಒಯ್ದರು. ವೈದ್ಯರು, ದಾದಿಯರು ಹಾಗೂ ಆಡಳಿತಗಾರರು ಒಟ್ಟಾಗಿ ತಮ್ಮ ಸಂಸ್ಥೆಗಳ ಸಮಸ್ಯೆಗಳನ್ನು ತಾವೇ ಅಧ್ಯಯನ ಮಾಡಿದರು. ಸಿದ್ಧಜ್ಞಾನಕ್ಕೆ ಒಳನೋಟದ ಪ್ರಶ್ನೆ ಸೇರಿದಾಗಲೇ ಕಲಿಕೆ ಎಂಬುದು ರೆವನ್ಸ್ ಅವರ ಸೂತ್ರ.

ಸ್ನಾತಕೋತ್ತರ ತರಗತಿಯಲ್ಲಿ ಇದರ ಕ್ರಮ ಸರಳ. ಐದಾರು ಮಂದಿಯ ತಂಡ ನಿಯತವಾಗಿ ಸೇರುತ್ತದೆ. ಪ್ರತಿಯೊಬ್ಬರೂ ತಮ್ಮ ಆಸ್ಪತ್ರೆಯ ಒಂದು ನೈಜ ಸಮಸ್ಯೆಯನ್ನು ಮುಂದಿಡುತ್ತಾರೆ; ಉಳಿದವರು ಉಪದೇಶಿಸುವುದಿಲ್ಲ, ಪ್ರಶ್ನಿಸುತ್ತಾರೆ. ಉದಾಹರಣೆಗೆ, ಬೆಳಿಗ್ಗೆಯೇ ಗುಣಮುಖನೆಂದು ಘೋಷಿತನಾದ ರೋಗಿಯ ಹಾಸಿಗೆ ಸಂಜೆಯವರೆಗೂ ತೆರವಾಗುವುದಿಲ್ಲ. ಕಾರಣ ವೈದ್ಯರ ಸಹಿಯೇ, ಬಿಲ್ಲೇ, ಔಷಧ ಕೌಂಟರೇ? ವಿದ್ಯಾರ್ಥಿ ಮರಳಿ ಹೋಗಿ ಪರಿಶೀಲಿಸಿ, ಒಂದು ಬದಲಾವಣೆ ಮಾಡಿ, ಫಲಿತಾಂಶವನ್ನು ಮುಂದಿನ ಸಭೆಗೆ ವರದಿ ಮಾಡಬೇಕು. ಸೋಲು ಕೂಡ ಇಲ್ಲಿ ಪಾಠವೇ.

ತೊಡಕುಗಳೂ ಇಲ್ಲದಿಲ್ಲ. ಪ್ರಾಮಾಣಿಕವಾಗಿ ಸೋಲೊಪ್ಪಿದವರಿಗೆ ಅಂಕ ಕೊಡುವುದು ಹೇಗೆ? ಹಿರಿಯ ತಜ್ಞರನ್ನು ದಾದಿಯೊಬ್ಬರು ಪ್ರಶ್ನಿಸುವ ವಾತಾವರಣ ನಮ್ಮಲ್ಲಿ ಎಷ್ಟಿದೆ? ಪರಿಹಾರ ಕಂಡುಕೊಂಡ ವಿದ್ಯಾರ್ಥಿಗೆ ಅದನ್ನು ಜಾರಿಗೊಳಿಸುವ ಅಧಿಕಾರವಿಲ್ಲದಿದ್ದರೆ ಇಡೀ ಕಸರತ್ತು ಕಡತದಲ್ಲೇ ಉಳಿಯುತ್ತದೆ. ಆದುದರಿಂದ ಪ್ರವೇಶದ ವೇಳೆಯಲ್ಲೇ ಆಸ್ಪತ್ರೆಯ ಮುಖ್ಯಸ್ಥರಿಂದ ಸಹಕಾರದ ಲಿಖಿತ ಭರವಸೆ ಪಡೆಯುವುದು ಅಗತ್ಯ. ಅಂಕವನ್ನೂ ಯಶಸ್ಸಿಗಲ್ಲ, ಕಲಿತದ್ದರ ವಿಶ್ಲೇಷಣೆಗೆ ನೀಡಬೇಕಾಗುತ್ತದೆ.

ಉಪನ್ಯಾಸಗಳು ಅನಗತ್ಯವೆಂದು ಇದರರ್ಥವಲ್ಲ. ಲೆಕ್ಕಪತ್ರ, ಕಾನೂನು, ಸಾಂಕ್ರಾಮಿಕ ರೋಗಶಾಸ್ತ್ರಗಳನ್ನು ಓದಿಯೇ ತಿಳಿಯಬೇಕು. ಆದರೆ ಹಾಸಿಗೆಗಾಗಿ ಕಾರಿಡಾರಿನಲ್ಲಿ ಕಾಯುವ ರೋಗಿಗೆ ಬೇಕಾಗಿರುವುದು ಅಧಿಕಾರಿಯ ಇನ್ನೊಂದು ಪ್ರಮಾಣಪತ್ರವಲ್ಲ, ಹಾಸಿಗೆ. ಯಾವುದೇ ನಿರ್ವಹಣಾ ಕೋರ್ಸಿನ ನಿಜವಾದ ಪರೀಕ್ಷೆ ಅಲ್ಲಿಯೇ ನಡೆಯುತ್ತದೆ.