ಉತ್ತಮಾಂಗಕ್ಕೆ ಬಿದ್ದ ಪೆಟ್ಟು

ನಮ್ಮ ವಿದ್ಯಾಲಯದಲ್ಲಿ ಓದಿ ಹೋದವರಲ್ಲಿ ಕೆಲವರು ಇಂದು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ನೆಲೆಸಿರುವರು. ಅವರ ಮಕ್ಕಳು ಅಲ್ಲಿ ಫುಟ್‌ಬಾಲ್ ಎಂದು ಕರೆದು ಆಡುವ ಆಟವು ನಾವು ಬಲ್ಲ ಕಾಲ್ಚೆಂಡಾಟವಲ್ಲ. ವಿಶಾಲವಾದ ಅಂಡಾಕಾರದ ಬಯಲಿನಲ್ಲಿ ಪಕ್ಷಕ್ಕೆ 18 ಮಂದಿಯಂತೆ ನಿಂತು, ಅಂಡಾಕಾರದ ಚೆಂಡನ್ನು ಒದೆಯುತ್ತ, ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ದಾಟಿಸುತ್ತ, ಎದುರಾಳಿಯ ಬೆನ್ನ ಮೇಲಕ್ಕೆ ನೆಗೆದು ಗಾಳಿಯಲ್ಲಿಯೇ ಅದನ್ನು ಹಿಡಿಯುತ್ತ ಆಡುವ ವೀರೋಚಿತ ಕ್ರೀಡೆಯದು. ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡವಾಗದಿರಲೆಂದು ಟಾಮ್ ವಿಲ್ಸ್ ಎಂಬಾತನು 1858ರಲ್ಲಿ ಪತ್ರಿಕೆಗೆ ಬರೆದ ಓಲೆಯಿಂದ ಇದಕ್ಕೆ ಚಾಲನೆ ದೊರೆಯಿತು. ಮರುವರ್ಷ, 1859ರಲ್ಲಿ, ಮೆಲ್ಬರ್ನಿನಲ್ಲಿ ಬರೆದಿಟ್ಟ ಮೊದಲ ಹತ್ತು ನಿಯಮಗಳಲ್ಲಿಯೇ ಎದುರಾಳಿಯ ಮೊಣಕಾಲ ಕೆಳಗೆ ಒದೆಯಕೂಡದೆಂಬ ನಿಷೇಧವುಂಟು. ಕಾಲಿಗೆ ಅಷ್ಟು ಬೇಗ ರಕ್ಷಣೆ ದೊರೆಯಿತು. ತಲೆಯ ಬೆಲೆ ಪೂರ್ಣವಾಗಿ ಮನವರಿಕೆಯಾಗಲು ಮಾತ್ರ ಬಹುಕಾಲ ಹಿಡಿಯಿತು.

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ ದಂಡಕ್ರಮವನ್ನು ಸ್ವಲ್ಪ ವಿವರಿಸದೆ ಮುಂದಿನ ಮಾತು ತಿಳಿಯದು. ಅಲ್ಲಿ ತಪ್ಪಿತಸ್ಥನನ್ನು ಪಂದ್ಯದ ನಡುವೆ ಮೈದಾನದಿಂದ ಹೊರಗಟ್ಟುವ ಪದ್ಧತಿ 2024ರ ಋತುವಿನಲ್ಲಿಯೂ ಇರಲಿಲ್ಲ. ಪೆಟ್ಟು ತಿಂದವನು ಹೊರಗೆ ಮಲಗಿರುವನು, ಕೊಟ್ಟವನು ಒಳಗೆ ಆಡುತ್ತಿರುವನು. ಪಂದ್ಯ ಮುಗಿದ ತರುವಾಯ ಪರಿಶೀಲನಾಧಿಕಾರಿಯು ಚಿತ್ರಗಳನ್ನು ನೋಡಿ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವನು: ಕೃತ್ಯವು ಬೇಕೆಂದು ಮಾಡಿದುದೋ, ಅಜಾಗರೂಕತೆಯದೋ? ತಗುಲಿದುದು ತಲೆಗೋ, ಮೈಗೋ? ಆಘಾತವು ಅಲ್ಪವೋ, ಮಧ್ಯಮವೋ, ಅಧಿಕವೋ, ತೀವ್ರವೋ? ಅಜಾಗರೂಕತೆಯಿಂದ ತಲೆಗೆ ತಗುಲಿದ ಪೆಟ್ಟು ಅಲ್ಪವೆನಿಸಿದರೆ 2023ರ ಪಟ್ಟಿಯಂತೆ ಬರಿಯ ಹಣದ ದಂಡ. ಮಧ್ಯಮವಾದರೆ 1 ಪಂದ್ಯದ ನಿಷೇಧ, ಅಧಿಕವಾದರೆ 2. ತೀವ್ರವಾದರೆ ವಿಷಯವು ನ್ಯಾಯಮಂಡಲಿಯ ಮುಂದೆ ಹೋಗುವುದು. ಅಲ್ಲಿ ತಪ್ಪು ಸಿದ್ಧವಾದರೆ ನಿಷೇಧವು 3 ಪಂದ್ಯಗಳಿಗೆ ಕಡಿಮೆಯಿಲ್ಲ.

ಮೊದಲನೆಯ ಪ್ರಶ್ನೆಯಲ್ಲಿ ಭಾಷಾಭ್ಯಾಸಿಗೆ ರುಚಿಸುವ ಅಂಶವೊಂದುಂಟು. ಪ್ರಮಾದ ಎಂಬ ಶಬ್ದವನ್ನು ನಾವಿಂದು ‘ತಪ್ಪು’ ಎಂಬ ಸಾಮಾನ್ಯಾರ್ಥದಲ್ಲಿ ಸವೆಸಿಬಿಟ್ಟಿರುವೆವು. ಅದರ ಮೂಲಾರ್ಥ ಎಚ್ಚರಗೇಡಿತನ, ಮೈಮರೆವು. ಮಾಡಬೇಕಾದ ಲಕ್ಷ್ಯವನ್ನು ಮಾಡದಿರುವುದೇ ಪ್ರಮಾದ. ಹಿಂದಿನ ಧರ್ಮಶಾಸ್ತ್ರಕಾರರ ವಿಧಿಗಳೆಲ್ಲವೂ ನಮಗೆ ಸಮ್ಮತವೆಂದು ಯಾರೂ ಭಾವಿಸಬೇಕಾದುದಿಲ್ಲ. ಆದರೆ ಪ್ರಾಯಶ್ಚಿತ್ತವನ್ನು ಹೇಳುವಲ್ಲಿ ಅವರು ಕಾಮತಃ, ಅಕಾಮತಃ ಎಂದು ಮಾಡಿದ ವಿಭಾಗವು ವಿವೇಕದ್ದು. ಬುದ್ಧಿಪೂರ್ವಕವಲ್ಲದ ಪಾಪಕ್ಕೂ ಪ್ರಾಯಶ್ಚಿತ್ತವುಂಟು. ಅದು ಲಘುವಾದುದು, ಅಷ್ಟೆ. ‘ಬೇಕೆಂದು ಮಾಡಲಿಲ್ಲ ಗುರುಗಳೇ’ ಎಂಬ ಉತ್ತರವನ್ನು ಅಧ್ಯಾಪಕರಾದ ನಾವೆಲ್ಲರೂ ದಿನಕ್ಕೊಮ್ಮೆಯಾದರೂ ಕೇಳುವೆವು. ಅದು ನಿಜವಾದ ಉತ್ತರವಾಗಿರಬಹುದು, ಆದರೆ ಪೂರ್ಣವಾದ ಉತ್ತರವಲ್ಲ.

ಬೇಕೆಂದು ಹೊಡೆದವನ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ. 1985ರಲ್ಲಿ ಹಾಥಾರ್ನ್ ಪಕ್ಷದ ನಾಯಕ ಲೀ ಮ್ಯಾಥ್ಯೂಸ್ ಚೆಂಡು ಬೇರೆಡೆಯಿದ್ದಾಗ ಜೀಲಾಂಗಿನ ನೆವಿಲ್ ಬ್ರನ್ಸ್ ಎಂಬಾತನ ದವಡೆ ಮುರಿದನು. ಅಂದಿನ ಲೀಗು ಆತನ ನೋಂದಣಿಯನ್ನು 4 ವಾರ ರದ್ದುಗೊಳಿಸಿತು. ವಿಷಯವು ಪೊಲೀಸರವರೆಗೂ ಹೋಯಿತು. 2018ರಲ್ಲಿ ವೆಸ್ಟ್ ಕೋಸ್ಟಿನ ಆಂಡ್ರ್ಯೂ ಗಾಫ್ ಎಂಬಾತನು ಫ್ರೀಮ್ಯಾಂಟಲಿನ ತರುಣ ಆಂಡ್ರ್ಯೂ ಬ್ರೇಷಾನ ಮುಖಕ್ಕೆ ಗುದ್ದಿ ದವಡೆ ಮುರಿದಾಗ ನಿಷೇಧವು 8 ಪಂದ್ಯಗಳಾಯಿತು. ಆ ವರ್ಷ ಆತನ ಪಕ್ಷವು ಪ್ರಶಸ್ತಿಯನ್ನು ಗೆದ್ದಿತು, ಆತನು ಮಾತ್ರ ಅಂತಿಮ ಪಂದ್ಯದಲ್ಲಿ ಆಡಲಿಲ್ಲ.

ನಿಜವಾದ ಕಷ್ಟವಿರುವುದು ಅದೇ ಮನೆಯ ಇನ್ನೊಬ್ಬ ಮಗನ ವಿಷಯದಲ್ಲಿ. ಆಂಡ್ರ್ಯೂವಿನ ಅಣ್ಣ ಆಂಗಸ್ ಬ್ರೇಷಾ ಮೆಲ್ಬರ್ನ್ ಪಕ್ಷದ ಆಟಗಾರ. ಹಿಂದೆ ಹಲವು ಬಾರಿ ತಲೆಗೆ ಪೆಟ್ಟು ತಿಂದು, ಶಿರಸ್ತ್ರಾಣ ಧರಿಸಿಯೇ ಆಡುತ್ತಿದ್ದವನು. 2023ರ ಸೆಪ್ಟೆಂಬರ್ 7ರಂದು ಆತನು ಚೆಂಡನ್ನು ಒದೆಯುವಾಗ ಕಾಲಿಂಗ್‌ವುಡ್ಡಿನ ಬ್ರೇಡನ್ ಮೇನಾರ್ಡ್ ಅದನ್ನು ಕೈಯಿಂದ ತಡೆಯಲು ಎದುರಿನಿಂದ ಓಡಿಬಂದು ನೆಗೆದನು. ಚೆಂಡು ಸಿಕ್ಕಲಿಲ್ಲ, ನೆಗೆದ ದೇಹವು ಮುಂದೆ ಸಾಗಿ ಭುಜವು ಬ್ರೇಷಾನ ತಲೆಗೆ ಬಡಿಯಿತು. ಆತನು ನಿಂತಲ್ಲಿಯೇ ಪ್ರಜ್ಞೆ ತಪ್ಪಿ ಬಿದ್ದನು. ಪರಿಶೀಲನಾಧಿಕಾರಿಗೆ ಇದು ದೋಷಾರೋಪಕ್ಕೆ ತಕ್ಕುದೆಂದು ತೋರಲಿಲ್ಲ. ಲೀಗಿನ ಮೇಲಧಿಕಾರಿಗಳೇ ಅದನ್ನು ನ್ಯಾಯಮಂಡಲಿಗೆ ಒಯ್ದರು. ಗಾಳಿಯಲ್ಲಿರುವ ಮನುಷ್ಯನು ದಿಕ್ಕು ಬದಲಿಸಲು ಕಾಲಾವಕಾಶವಿರಲಿಲ್ಲವೆಂದು ತಜ್ಞರ ಸಾಕ್ಷ್ಯವಾಯಿತು. ಮೇನಾರ್ಡ್ ಬಿಡುಗಡೆ ಹೊಂದಿದನು, ಆ ತಿಂಗಳಿನ ಕೊನೆಯ ದಿನ ತನ್ನ ಪಕ್ಷದೊಡನೆ ಪ್ರಶಸ್ತಿಯನ್ನೂ ಎತ್ತಿದನು. ಬ್ರೇಷಾ ಮತ್ತೆಂದೂ ಆಡಲಿಲ್ಲ. 2024ರ ಫೆಬ್ರವರಿಯಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ವೈದ್ಯರ ಸಲಹೆಯಂತೆ ನಿವೃತ್ತನಾದನು.

ಮೇನಾರ್ಡ್ ದುಷ್ಟನಲ್ಲ, ಆತನಲ್ಲಿ ದ್ವೇಷವಿತ್ತೆಂದು ಯಾರೂ ಹೇಳಿಲ್ಲ. ಗಾಳಿಯಲ್ಲಿ ದೇಹವನ್ನು ತಿರುಗಿಸಲಾಗದೆಂಬ ಸಾಕ್ಷ್ಯವನ್ನೂ ಒಪ್ಪೋಣ. ಆದರೆ ಮನುಷ್ಯನು ಗಾಳಿಯಲ್ಲಿ ಹುಟ್ಟುವುದಿಲ್ಲವಷ್ಟೆ! ಆತನು ನೆಲದ ಮೇಲೆ ಓಡಿಬಂದನು, ಎದುರಿಗೊಬ್ಬನಿರುವನೆಂದು ಬಲ್ಲನು, ಆತನ ಕಡೆಗೇ ನೆಗೆಯುವೆನೆಂದು ನೆಲದ ಮೇಲಿದ್ದಾಗಲೇ ನಿಶ್ಚಯಿಸಿದನು. ಲಕ್ಷ್ಯವಿರಬೇಕಾದುದು ಆ ಕ್ಷಣದಲ್ಲಿ. ನೆಗೆದ ಮೇಲಣ ಅಸಹಾಯಕತೆಯನ್ನು ಮಾತ್ರ ಅಳೆದು ನೆಗೆತವನ್ನು ಬಿಟ್ಟುಬಿಟ್ಟ ನ್ಯಾಯವು ನನಗೆ ಅರೆನ್ಯಾಯವಾಗಿ ಕಾಣುತ್ತದೆ.

ಆಟದ ಪುರುಷತ್ವವೇ ಇದರಿಂದ ಕುಗ್ಗುವುದೆಂದು ಹಳೆಯ ಪ್ರೇಮಿಗಳು ಗೊಣಗುವರು. ಅವರು ಪಾಲಿ ಫಾರ್ಮರ್ ಎಂಬ ಹೆಸರನ್ನು ಪೂಜ್ಯಭಾವದಿಂದ ಉಚ್ಚರಿಸುವವರೇ. ಆ ಮಹಾ ಆಟಗಾರನು 2019ರಲ್ಲಿ ತೀರಿಕೊಂಡ ಮೇಲೆ ಆತನ ಮೆದುಳನ್ನು ಪರೀಕ್ಷಿಸಲಾಗಿ, ಪದೇ ಪದೇ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ, ನೆನಪನ್ನೂ ಸ್ವಭಾವವನ್ನೂ ಕ್ರಮೇಣ ತಿನ್ನುವ ವ್ಯಾಧಿಯು ಕಂಡುಬಂದಿತು. ಡ್ಯಾನಿ ಫ್ರಾಲಿ, ಶೇನ್ ಟಕ್ ಇವರ ಮೆದುಳಿನಲ್ಲಿಯೂ ಅದೇ. ಮಹಿಳಾ ಲೀಗಿನಲ್ಲಿ ಆಡಿದ್ದ ಹೆದರ್ ಆಂಡರ್ಸನ್ ಎಂಬಾಕೆ 2022ರಲ್ಲಿ ತೀರಿಕೊಂಡಾಗ ಆಕೆಗಿನ್ನೂ 28 ವರ್ಷ; ಆಕೆಯಲ್ಲಿಯೂ ಅದೇ ರೋಗ. ಮುರಿದ ದವಡೆಯನ್ನು ಕೂಡಿಸಬಹುದು. ಇದನ್ನು ಕೂಡಿಸುವ ವೈದ್ಯರಿಲ್ಲ. ತಲೆಯನ್ನು ಉತ್ತಮಾಂಗವೆಂದು ಕರೆದ ಹಿರಿಯರು ಅಲಂಕಾರಕ್ಕಾಗಿ ಹಾಗೆ ಕರೆಯಲಿಲ್ಲ.

ಇಷ್ಟು ಹೇಳಿಯೂ, ಆಘಾತದ ಶ್ರೇಣಿಯನ್ನು ಆಧಾರವಾಗಿಟ್ಟ ದಂಡದ ಪಟ್ಟಿಯನ್ನು ನಾನು ಒಪ್ಪಲಾರೆ. ಇಬ್ಬರು ಒಂದೇ ರೀತಿಯಲ್ಲಿ ಎಚ್ಚರಗೆಟ್ಟು ನುಗ್ಗುವರು. ಒಬ್ಬನಿಂದ ಪೆಟ್ಟು ತಿಂದವನು ಮೈ ಕೊಡವಿ ಏಳುವನು, ಇನ್ನೊಬ್ಬನಿಂದ ತಿಂದವನು ಏಳುವುದಿಲ್ಲ. ಮೊದಲಿನವನು ಹಣ ತೆತ್ತು ಮುಂದಿನ ವಾರ ಆಡುವನು, ಎರಡನೆಯವನು ತಿಂಗಳುಗಟ್ಟಲೆ ಕೂಡುವನು. ಇವರಿಬ್ಬರ ನಡುವಣ ಅಂತರವು ಶೀಲದ್ದಲ್ಲ, ಅದೃಷ್ಟದ್ದು. ಉಂಟಾಗಬಹುದಾಗಿದ್ದ ಅಪಾಯವನ್ನೂ ಗಣಿಸಬೇಕೆಂದು ಲೀಗಿನ ನಿಯಮಾವಳಿಯು ಹೇಳುವುದುಂಟು. ಅದು ‘ಗಣಿಸಬೇಕು’ ಎಂಬಲ್ಲಿಗೆ ನಿಲ್ಲದೆ ಮೊದಲ ಅಳತೆಗೋಲಾಗಬೇಕು. ಎದ್ದು ನಿಂತವನ ಪೆಟ್ಟಿಗೂ ಪೂರ್ಣ ದಂಡ ಬಿದ್ದ ದಿನವೇ ಆಟಗಾರನ ಓಟದ ರೀತಿ ಬದಲಾಗುವುದು.

ವಕೀಲರ ಚಾತುರ್ಯದ ಮಾತೂ ಒಂದಿದೆ. ಲೀಗಿನ ಬ್ರೌನ್‌ಲೋ ಪದಕವು ಅತ್ಯುತ್ತಮ ಆಟಗಾರನಿಗಷ್ಟೇ ಮೀಸಲಲ್ಲ, ಆತನು ನ್ಯಾಯವಾಗಿ ಆಡಿರಲೂ ಬೇಕು, ನಿಷೇಧಕ್ಕೊಳಗಾದವನು ಅನರ್ಹ. 1997ರಲ್ಲಿ ಕ್ರಿಸ್ ಗ್ರಾಂಟ್ ಎಲ್ಲರಿಗಿಂತ ಹೆಚ್ಚು ಮತ ಪಡೆದರೂ ಒಂದೇ ಪಂದ್ಯದ ನಿಷೇಧದಿಂದಾಗಿ ಪದಕ ಕಳೆದುಕೊಂಡನು. 2022ರಲ್ಲಿ ಪ್ಯಾಟ್ರಿಕ್ ಕ್ರಿಪ್ಸ್ ಎಂಬಾತನು ಕ್ಯಾಲಮ್ ಆ ಚೀ ಎಂಬಾತನನ್ನು ಡಿಕ್ಕಿಹೊಡೆದು ಮೆದುಳಾಘಾತಕ್ಕೆ ಕಾರಣನಾದುದಕ್ಕೆ 2 ಪಂದ್ಯಗಳ ನಿಷೇಧವಾಯಿತು. ಮೇಲ್ಮನವಿಯಲ್ಲಿ, ನ್ಯಾಯಮಂಡಲಿಯು ಕಾನೂನಿನ ದೃಷ್ಟಿಯಿಂದ ತಪ್ಪಿತೆಂದು ಅದು ರದ್ದಾಯಿತು. ಒಂದೇ ಮತದ ಅಂತರದಿಂದ ಪದಕವೂ ಕ್ರಿಪ್ಸನ ಕೊರಳಿಗೆ ಬಿದ್ದಿತು. ಆತನ ಆಟವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಚೀಯ ತಲೆಯ ಮೇಲೆ ನಡೆದ ವಿಚಾರಣೆಯಲ್ಲಿ ಕಡೆಗೆ ಆ ಚೀಯ ತಲೆಯ ಮಾತೇ ಉಳಿಯಲಿಲ್ಲವೆಂಬುದು ನನ್ನ ದೂರು.

ಬ್ರೇಷಾನ ತರುವಾಯ, 2024ರಲ್ಲಿ, ಲೀಗು ನಿಯಮವನ್ನು ತಿದ್ದಿತು. ಚೆಂಡನ್ನು ತಡೆಯಲು ನೆಗೆದವನು ತಲೆಗೆ ಬಲವಾಗಿ ತಗುಲಿದರೆ, ತಪ್ಪಿಸಲು ಯುಕ್ತವಾದ ಎಲ್ಲ ಎಚ್ಚರವನ್ನೂ ವಹಿಸಿದ್ದನೆಂದು ಕಾಣದಿದ್ದಲ್ಲಿ, ಅದು ಅಜಾಗರೂಕತೆಯೇ ಎಂದಾಯಿತು. ಅದೇ ವರ್ಷ ಜಿಮ್ಮಿ ವೆಬ್‌ಸ್ಟರನಿಗೆ ಅಭ್ಯಾಸಪಂದ್ಯವೊಂದರ ಡಿಕ್ಕಿಗಾಗಿ 7 ಪಂದ್ಯಗಳ, ಪೀಟರ್ ರೈಟನಿಗೆ 4 ಪಂದ್ಯಗಳ ನಿಷೇಧ ಬಿದ್ದಿತು. ರೈಟನು ಚೆಂಡಿಗಾಗಿಯೇ ಓಡಿಬಂದವನು, ಕೊನೆಯ ಗಳಿಗೆಯಲ್ಲಿ ಮೈಯನ್ನು ತಿರುಗಿಸಿದವನು. ಅವನಿಗೆ 4 ಹೆಚ್ಚಾಯಿತೆಂದು ಅಲ್ಲಿ ಹಲವರು ಮರುಗಿದರು. ನನಗೆ ಹೆಚ್ಚೆನಿಸಲಿಲ್ಲ, ಪೆಟ್ಟು ತಿಂದ ಹ್ಯಾರಿ ಕನಿಂಗ್‌ಹ್ಯಾಮ್ ಒಡನೆಯೇ ಎದ್ದು ನಿಂತಿದ್ದರೂ ಅಷ್ಟೇ ಬೀಳುತ್ತಿತ್ತೇ ಎಂಬುದೊಂದನ್ನು ಮಾತ್ರ ಆ ಮಂಡಲಿಯನ್ನು ಕೇಳಬೇಕೆನಿಸಿತು.